ನೋಡಿದ್ದೊಂದು, ಕೂಡಿದ್ದೊಂದು

"1987ರಲ್ಲಿ ಮುಗಿದು ಹೋದ ಹೊಡೆದಾಟಕ್ಕೆ ಈಗ ಕೂತು ಮಾರ್ಕ್ಸ್ ಹಾಕ್ತಿದ್ದೀಯಲ್ಲಪ್ಪಾ, ಯಾರಾದರೂ ಭತ್ಯೆ ಕೊಡ್ತಾರೇನು?"

ಕಾಂಪೌಂಡಿನ ಆಚೆ ಕಡೆಯಿಂದ ಮೇಷ್ಟ್ರು ಕೇಳುವ ಪ್ರಶ್ನೆ ಇದು. ನಿವೃತ್ತ ಗಣಿತದ ಮೇಷ್ಟ್ರು. ಭತ್ಯೆ ಇಲ್ಲದೆ ಅಂಕ ಹಾಕುವವನನ್ನು ಕಂಡರೆ ಅವರಿಗೆ ಸಹಜವಾಗಿಯೇ ಅನುಮಾನ. ನನ್ನ ಕೈಯಲ್ಲಿ ಗೆರೆ ಎಳೆದ ಹಾಳೆ, ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು, ನಡುವೆ ಹನ್ನೆರಡು ಸಾಲು. ಮೊಬೈಲನ್ನು ಹೂಕುಂಡಕ್ಕೆ ಒರಗಿಸಿ ಹಳೆಯ ಬಾಕ್ಸಿಂಗ್ ನೋಡುವುದು, ಸುತ್ತು ಮುಗಿದು ಗಂಟೆ ಹೊಡೆದ ಕೂಡಲೇ ಬರೆಯುವುದು. ನಾನು ಇಟ್ಟುಕೊಂಡಿರುವ ನಿಯಮ ಎರಡೇ: ಬಾಕ್ಸರುಗಳಿಗೆ ವಿಶ್ರಾಂತಿಗೆಂದು ಸಿಗುವ ಒಂದು ನಿಮಿಷದೊಳಗೆ ಬರೆದುಬಿಡಬೇಕು, ಬರೆದದ್ದನ್ನು ಅಳಿಸಬಾರದು. ನಿಜವಾದ ಜಡ್ಜುಗಳ ಪಾಡೂ ಇದೇ. ಪ್ರತಿ ಸುತ್ತಿನ ಚೀಟಿ ಆಗಲೇ ಕೈಬಿಟ್ಟು ಹೋಗುತ್ತದೆ. ಹತ್ತನೇ ಸುತ್ತಿಗೆ ಬಂದಾಗ ಎರಡನೆಯದರ ಬಗ್ಗೆ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

"ಗೆದ್ದವರು ಯಾರು ಅಂತ ಊರಿಗೆಲ್ಲ ಗೊತ್ತು ತಾನೇ?"

"ಗೊತ್ತು ಮೇಷ್ಟ್ರೇ. ಅವನು ಗೆದ್ದನೋ ಇಲ್ಲವೋ ಅನ್ನೋದು ಮಾತ್ರ ಇನ್ನೂ ಗೊತ್ತಾಗಿಲ್ಲ."

ಅವರಿಗೆ ಅಂಕದ ಪದ್ಧತಿ ವಿವರಿಸಿದ ದಿನ ದೊಡ್ಡ ರಾದ್ಧಾಂತವಾಯಿತು. ಸುತ್ತು ಗೆದ್ದವನಿಗೆ ಹತ್ತು. ಸೋತವನಿಗೆ ಒಂಬತ್ತು. ಒಮ್ಮೆ ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ ಎಂಟು. "ಸೋತವನಿಗೂ ಹತ್ತಕ್ಕೆ ಒಂಬತ್ತಾ? ನಮ್ಮ ಕಾಲದಲ್ಲಿ ಇಂಥ ವ್ಯಾಲ್ಯುಯೇಷನ್ ಇದ್ದಿದ್ದರೆ ಇಡೀ ತಾಲ್ಲೂಕೇ ರ್‍ಯಾಂಕು!" ಎಂದು ಗೋಡೆಯ ಮೇಲೆ ಕೈ ಬಡಿದರು. ಅವರು ಸಿಟ್ಟಾದದ್ದು ಒಂಬತ್ತರ ಬಗ್ಗೆ. ನನ್ನ ತಕರಾರು ಬೇರೆ. ಒಬ್ಬ ಮೂರು ನಿಮಿಷವೂ ಇನ್ನೊಬ್ಬನನ್ನು ಕಣದ ತುಂಬ ಅಟ್ಟಾಡಿಸಿ ಬಾರಿಸಿದರೂ ಹತ್ತು-ಒಂಬತ್ತು. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತ ಸುತ್ತಿ, ಕೊನೆಗೆ ಒಬ್ಬ ಎರಡು ಗುದ್ದು ಹೆಚ್ಚಿಗೆ ಹಾಕಿದರೂ ಅದೇ ಹತ್ತು-ಒಂಬತ್ತು. ಪಂದ್ಯವನ್ನು ನಾವು ಇಡಿಯಾಗಿ ನೋಡುತ್ತೇವೆ, ಇಡಿಯಾಗಿ ನೆನಪಿಟ್ಟುಕೊಳ್ಳುತ್ತೇವೆ. ತೀರ್ಪು ಮಾತ್ರ ಬಿಡಿಬಿಡಿಯಾಗಿ ಕೂಡಿದ್ದು. ನೋಡಿದ ಪಂದ್ಯ ಒಂದು, ಕೂಡಿದ ಪಂದ್ಯ ಇನ್ನೊಂದು. ಬಾಕ್ಸಿಂಗ್ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಸಂದಿಯಲ್ಲೇ.

ಆವತ್ತು ಹಾಳೆಯ ಮೇಲಿದ್ದ ಹೆಸರುಗಳು ಮಾರ್ವಿನ್ ಹ್ಯಾಗ್ಲರ್ ಮತ್ತು ಶುಗರ್ ರೇ ಲೆನಾರ್ಡ್. 1987ರ ಏಪ್ರಿಲ್ 6, ಲಾಸ್ ವೇಗಸ್ಸಿನ ಸೀಸರ್ಸ್ ಪ್ಯಾಲೇಸ್. ಇದರ ತಂಟೆಗೆ ಹೋದರೆ ಇವತ್ತಿಗೂ ಇಬ್ಬರು ಅಭಿಮಾನಿಗಳು ಊಟ ಬಿಟ್ಟು ಜಗಳವಾಡಬಲ್ಲರು.

ಹ್ಯಾಗ್ಲರ್ ಅಂದರೆ ಬೋಳುತಲೆಯ, ಎಡಗೈ ಬಾಕ್ಸರ್. ಜಡ್ಜುಗಳೆಂದರೆ ಅವನಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. 1979ರಲ್ಲಿ ಇದೇ ಲಾಸ್ ವೇಗಸ್ಸಿನಲ್ಲಿ ವೀಟೊ ಆಂಟುಫೆರ್ಮೊ ಎದುರು ಹದಿನೈದು ಸುತ್ತು ಆಡಿ, ಬಹಳ ಜನ ಅವನೇ ಗೆದ್ದ ಎನ್ನುತ್ತಿರುವಾಗ, ಡ್ರಾ ಎಂದುಬಿಟ್ಟರು. ಡ್ರಾ ಆದರೆ ಪಟ್ಟ ಹಳಬನಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಲಂಡನ್ನಿಗೆ ಹೋಗಿ ಅಲನ್ ಮಿಂಟರನ ಮುಖ ಸೀಳಿ ಮೂರೇ ಸುತ್ತಿನಲ್ಲಿ ಪಟ್ಟ ಕಸಿದುಕೊಂಡ. ಅಲ್ಲಿನ ಜನ ಬಿಯರ್ ಬಾಟಲಿ ಎಸೆದು ಮರ್ಯಾದೆ ಮಾಡಿದರು. 1985ರಲ್ಲಿ ಥಾಮಸ್ ಹರ್ನ್ಸ್ ಜೊತೆ ಆಡಿದ್ದಂತೂ ಸುಮಾರು ಎಂಟೇ ನಿಮಿಷದಲ್ಲಿ ಮುಗಿದ ಬಿರುಗಾಳಿ. ಹಣೆ ಒಡೆದು ರಕ್ತ ಸುರಿಯುತ್ತಿದೆ, ವೈದ್ಯರು ಬಂದು ನೋಡಿ ಹೋಗುತ್ತಾರೆ, ಇನ್ನು ಪಂದ್ಯ ನಿಲ್ಲಿಸಿಯೇ ಬಿಡುತ್ತಾರೇನೋ ಎನ್ನುವಷ್ಟರಲ್ಲಿ ಹರ್ನ್ಸ್ ನೆಲ ಕಂಡಿದ್ದ. ಆ ಪಂದ್ಯಕ್ಕೆ ಹಾಳೆ ಬೇಡ, ಪೆನ್ಸಿಲ್ ಬೇಡ. ಮೇಷ್ಟ್ರಿಗೆ ಅದು ತುಂಬ ಹಿಡಿಸಿತು. "ಇದು ನೋಡು ಕುಸ್ತಿ ಥರ. ಬೆನ್ನು ಮಣ್ಣಿಗೆ ತಾಗಿತೋ, ಚಿತ್, ಮನೆಗೆ ನಡಿ."

ಲೆನಾರ್ಡ್ ಕತೆ ಬೇರೆ. 1982ರಲ್ಲಿ ಕಣ್ಣಿನ ರೆಟಿನಾ ಕಿತ್ತು ಶಸ್ತ್ರಚಿಕಿತ್ಸೆ, ನಿವೃತ್ತಿ. 1984ರಲ್ಲಿ ಒಂದೇ ಒಂದು ಪಂದ್ಯಕ್ಕೆ ಬಂದು, ಗೆದ್ದರೂ ನಡುವೆ ಒಮ್ಮೆ ನೆಲಕ್ಕೆ ಬಿದ್ದು, ಮತ್ತೆ ನಿವೃತ್ತಿ. ಅಲ್ಲಿಂದ ಮೂರು ವರ್ಷ ಕೈಗವಸು ಹಾಕಿ ಪಂದ್ಯಕ್ಕಿಳಿಯದವನು ಏಕಾಏಕಿ ಬಂದು, ತನ್ನ ತೂಕಕ್ಕಿಂತ ಮೇಲಿನ ವರ್ಗದಲ್ಲಿ, ಆರು ವರ್ಷಕ್ಕೂ ಹೆಚ್ಚು ಕಾಲದಿಂದ ಪಟ್ಟ ಬಿಟ್ಟುಕೊಡದವನನ್ನು ಕರೆಯುತ್ತಾನೆ. ಕರೆದು ಸುಮ್ಮನಿರುವುದಿಲ್ಲ, ಕರಾರು ಹಾಕುತ್ತಾನೆ: ಹದಿನೈದಲ್ಲ, ಹನ್ನೆರಡು ಸುತ್ತು. ಕೈಗವಸು ಹತ್ತು ಔನ್ಸಿನದು. ಕಣ ಇಪ್ಪತ್ತು ಅಡಿಯದು, ಓಡಾಡಲು ವಿಶಾಲವಾಗಿರಬೇಕು. ಹ್ಯಾಗ್ಲರ್ ಮೂರಕ್ಕೂ ಒಪ್ಪಿಕೊಂಡ, ಬದಲಿಗೆ ಹೆಚ್ಚಿನ ಪಾಲು ಹಣ ಪಡೆದ. ಪಂದ್ಯದ ಅರ್ಧ ಸೋಲು ಆ ಮೇಜಿನ ಮೇಲೇ ಆಯಿತು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಹೇಳಿದರೆ ನೀವು ನಗುತ್ತೀರಿ. ಜಡ್ಜುಗಳಲ್ಲಿ ಒಬ್ಬನಾಗಿ ಬ್ರಿಟನ್ನಿನ ಹ್ಯಾರಿ ಗಿಬ್ಸ್ ಬರಬೇಕಿತ್ತು. ಹ್ಯಾಗ್ಲರ್ ಕಡೆಯವರೇ ಬೇಡವೆಂದರು. ಅವನ ಜಾಗಕ್ಕೆ ಮೆಕ್ಸಿಕೊದ ಹೋಸೆ ಹುವಾನ್ ಗೆರ್ರಾ ಬಂದ. ಮೂವರ ಚೀಟಿ ಓದಿದಾಗ ಲೂ ಫಿಲಿಪ್ಪೊ 115-113 ಹ್ಯಾಗ್ಲರ್‌ಗೆ, ಡೇವ್ ಮೊರೆಟ್ಟಿ ಅದೇ 115-113 ಲೆನಾರ್ಡ್‌ಗೆ, ಮತ್ತು ಗೆರ್ರಾ ಮಹಾಶಯ 118-110 ಲೆನಾರ್ಡ್‌ಗೆ! ಮೇಷ್ಟ್ರು ತಕ್ಷಣ ಮನಸ್ಸಿನಲ್ಲೇ ಲೆಕ್ಕ ಬಿಡಿಸಿದರು: "ಅಂದರೆ ಹನ್ನೆರಡರಲ್ಲಿ ಹತ್ತು ಸುತ್ತು ಅವನಿಗೇ." ಹೌದು. ಬೇಡವೆನಿಸಿಕೊಂಡ ಗಿಬ್ಸ್ ಮನೆಯಲ್ಲಿ ಕೂತು ಟೀವಿ ನೋಡಿ, ಹ್ಯಾಗ್ಲರನೇ ಗೆದ್ದ ಎಂದನಂತೆ.

"ಸುಮ್ಮನೆ ಬರೋನನ್ನ ಬರೋಕೆ ಬಿಟ್ಟಿದ್ದರೆ ಆಗ್ತಿತ್ತು" ಎಂದರು ಮೇಷ್ಟ್ರು, ತಮ್ಮ ಶಾಲೆಗೆ ಬಂದ ಯಾವುದೋ ಇನ್ಸ್‌ಪೆಕ್ಟರನ್ನು ನೆನೆದವರಂತೆ.

ಸರಿ, ಪಂದ್ಯಕ್ಕೆ ಬರೋಣ. ಹ್ಯಾಗ್ಲರ್ ಕಣಕ್ಕಿಳಿದು ಮಾಡಿದ ಮೊದಲ ಕೆಲಸ ಎಲ್ಲರೂ ಹುಬ್ಬೇರಿಸುವಂಥದು. ಎಡಗೈಯವನು ಬಲಗೈಯವನಂತೆ ನಿಂತ. ಯಾಕೆ ಎಂಬುದಕ್ಕೆ ನೂರು ವಿವರಣೆಗಳಿವೆ, ಒಂದೂ ನನಗೆ ಸಮಾಧಾನ ಕೊಟ್ಟಿಲ್ಲ. ಲೆನಾರ್ಡ್ ಸುತ್ತಲೂ ತೇಲಿಕೊಂಡು ಓಡಾಡುತ್ತ ಮೊದಲೆರಡು ಸುತ್ತನ್ನು ಬೆವರಿಲ್ಲದೆ ಜೇಬಿಗಿಳಿಸಿದ. ಹ್ಯಾಗ್ಲರ್ ತನ್ನ ಎಡಗೈ ನಿಲುವಿಗೆ ಮರಳುವ ಹೊತ್ತಿಗೆ ಸಾಲ ಏರಿಯಾಗಿತ್ತು. ಐದನೆಯದರಲ್ಲಿ ಕೆಳಗಿನಿಂದ ಮೇಲಕ್ಕೆ ಬಂದ ಒಂದು ಬಲಗೈ ಗುದ್ದು ಲೆನಾರ್ಡನ ಕಾಲನ್ನು ಸಡಿಲಿಸಿತು. ಅಲ್ಲಿಂದ ಮುಂದೆ ಪಂದ್ಯ ನಿಧಾನಕ್ಕೆ ವಾಲುತ್ತದೆ, ಲೆನಾರ್ಡನ ಓಟ ಭಾರವಾಗುತ್ತದೆ, ಬಾಯಿ ತೆರೆದು ಉಸಿರಾಡುತ್ತಾನೆ.

ಇಲ್ಲಿಯೇ ಅವನ ಚಾಲಾಕಿತನ ನೋಡಬೇಕು. ಸುತ್ತಿನ ಕೊನೆಯ ಮೂವತ್ತು ಸೆಕೆಂಡು ಉಳಿದಾಗ ಅವನ ಕಡೆಯಿಂದ ಒಂದು ಕೂಗು. ಕೂಗು ಕೇಳಿದ್ದೇ ತಡ, ಅದುವರೆಗೆ ಹಿಂದೆ ಹಿಂದೆ ಸರಿಯುತ್ತಿದ್ದವನು ನಿಂತು ಪಟಪಟನೆ ಹತ್ತು ಹನ್ನೆರಡು ಗುದ್ದು ಸುರಿಸುತ್ತಾನೆ. ಜನ ಎದ್ದು ನಿಂತು ಕೂಗುತ್ತಾರೆ. ಗಂಟೆ. ಜಡ್ಜಿನ ಪೆನ್ಸಿಲ್ ಕಾಗದ ಮುಟ್ಟುವ ಹೊತ್ತಿಗೆ ಅವನ ಕಿವಿಯಲ್ಲಿ ಆ ಗದ್ದಲ ಇನ್ನೂ ಇರುತ್ತದೆ. ಮೊದಲಿನ ಎರಡೂವರೆ ನಿಮಿಷ ಎದೆಯುಬ್ಬಿಸಿ ಮುಂದೆ ಬಂದವನ ಬೆವರು ಎಲ್ಲಿ ಹೋಯಿತೋ!

ಅದಕ್ಕೇ ನಾನು ಶಬ್ದ ನಿಲ್ಲಿಸಿ ನೋಡು ಎನ್ನುವುದು. ಕಾಮೆಂಟರಿ ಹೇಳುವವನಿಗೆ ಯಾರು ಇಷ್ಟವೋ ಅವನ ಗುದ್ದುಗಳಷ್ಟೇ ಕೇಳಿಸುತ್ತವೆ. ಕೈಗವಸು ಚರ್ಮಕ್ಕೆ ಬಿದ್ದರೂ ಸದ್ದು, ಮೊಣಕೈಗೆ ಬಿದ್ದರೂ ಸದ್ದು. ಮೂಕಿಯಾಗಿಸಿ ನೋಡಿದರೆ ಲೆನಾರ್ಡನ ಆ ಹತ್ತು ಹನ್ನೆರಡರಲ್ಲಿ ಏಳೆಂಟು ಹ್ಯಾಗ್ಲರನ ತೋಳು ಭುಜಗಳ ಮೇಲೆಯೇ ಮುಗಿಯುತ್ತವೆ. ಹೊಡೆಯುವವನ ಕೈ ನೋಡಬಾರದು. ಹೊಡೆಸಿಕೊಂಡವನ ತಲೆ ನೋಡಬೇಕು. ತಲೆ ತಿರುಗಿತೇ, ಬೆವರು ಸಿಡಿಯಿತೇ, ಮೊಣಕಾಲು ಒಂದು ಕ್ಷಣ ಮರೆಯಿತೇ? ಇದನ್ನು ನನಗಿಂತ ಚೆನ್ನಾಗಿ ಹಿಡಿದವರು ಮೇಷ್ಟ್ರ ಹೆಂಡತಿ. ಒಣಗಿದ ಬಟ್ಟೆ ತೆಗೆಯಲು ಬಂದವರು ಗೋಡೆಯಾಚೆಯಿಂದ ಒಂದು ಸುತ್ತು ಇಣುಕಿ ನೋಡಿ, "ಆ ಹುಡುಗ ಅಷ್ಟು ಹೊಡೀತಾನೆ, ಬೋಳುತಲೆಯವನಿಗೆ ಏನೂ ಆಗ್ತಾನೇ ಇಲ್ವಲ್ಲಾ" ಎಂದು ಒಳಗೆ ಹೋದರು. ಹ್ಯಾಗ್ಲರ್ ಪರವಾಗಿ ಇಷ್ಟು ಚಿಕ್ಕದಾಗಿ, ಇಷ್ಟು ಗಟ್ಟಿಯಾಗಿ ಯಾವ ವಕೀಲನೂ ವಾದಿಸಿಲ್ಲ.

ಗುದ್ದು ಎಣಿಸಿದವರ ಲೆಕ್ಕ ಮಾತ್ರ ಅವನ ಕಡೆಗಿಲ್ಲ. ಕಂಪ್ಯುಬಾಕ್ಸ್‌ನವರ ಎಣಿಕೆಯಲ್ಲಿ ಲೆನಾರ್ಡ್ ತಾಗಿಸಿದ್ದು 306, ಹ್ಯಾಗ್ಲರ್ 291. ಮೇಷ್ಟ್ರು ಸಂಖ್ಯೆ ಕೇಳಿದ್ದೇ ಕಣ್ಣರಳಿಸಿದರು. ಮರುಕ್ಷಣವೇ ಅವರದೇ ಪ್ರಶ್ನೆ: "ಎಲ್ಲಾ ಗುದ್ದಿಗೂ ಒಂದೇ ತೂಕವೇನಪ್ಪಾ?" ಅಷ್ಟೇ ನೋಡಿ. ನಿಯಮದ ಪುಸ್ತಕವೂ ಬರೀ ಎಣಿಸಿ ಎನ್ನುವುದಿಲ್ಲ. ಸ್ಪಷ್ಟವಾಗಿ ತಾಗಿದ ಗುದ್ದು, ಫಲ ಕೊಡುವ ಆಕ್ರಮಣ, ಕಣದ ಮೇಲಿನ ಹಿಡಿತ, ತಪ್ಪಿಸಿಕೊಳ್ಳುವ ಕಲೆ, ಈ ನಾಲ್ಕನ್ನೂ ನೋಡಿ ಎನ್ನುತ್ತದೆ. ನಾಲ್ಕರಲ್ಲಿ ಯಾವುದಕ್ಕೆ ಎಷ್ಟು ಎಂಬುದು ಕೂತವನ ರುಚಿಗೆ ಬಿಟ್ಟದ್ದು.

"ಹಾಗಾದರೆ ಅಟ್ಟಿಸಿಕೊಂಡು ಹೋದವನು ಗೆದ್ದನೋ, ಓಡ್ತಾ ಓಡ್ತಾ ಹೊಡೆದವನು ಗೆದ್ದನೋ?"

ಇದಕ್ಕಿಂತ ಚೆನ್ನಾಗಿ ಆ ಪಂದ್ಯವನ್ನು ಒಂದು ಪ್ರಶ್ನೆಯಲ್ಲಿ ಹಿಡಿಯಲು ಸಾಧ್ಯವಿಲ್ಲ. ಹ್ಯಾಗ್ಲರ್ ಅಭಿಮಾನಿಗಳಿಗೆ ಓಡುವವನು ಕಳ್ಳ. ಲೆನಾರ್ಡ್ ಅಭಿಮಾನಿಗಳಿಗೆ ಹಿಡಿಯಲಾರದವನು ದಡ್ಡ. ನನ್ನನ್ನು ಕೇಳಿದರೆ, ಅಟ್ಟಿಸಿಕೊಂಡು ಹೋಗುವುದಕ್ಕೇ ಅಂಕವಿಲ್ಲ, ಹಿಡಿದ ಮೇಲೆ ಏನು ಮಾಡಿದ ಎಂಬುದಕ್ಕೆ ಅಂಕ. ಒಂಬತ್ತನೇ ಸುತ್ತಿನಲ್ಲಿ ಹ್ಯಾಗ್ಲರ್ ಅವನನ್ನು ಮೂಲೆಗೆ ಸಿಕ್ಕಿಸಿ ಹೊಡೆದ. ಲೆನಾರ್ಡ್ ಅಲ್ಲಿಂದಲೇ ತಿರುಗಿ ಹೊಡೆದು ಹೊರಬಂದ. ಎರಡು ದೇಹಗಳಲ್ಲಿ ಉಳಿದಿದ್ದ ಕೊನೆಯ ಹನಿ ಎಣ್ಣೆಯೂ ಉರಿದ ಆ ಮೂರು ನಿಮಿಷಕ್ಕಾಗಿ ಇಡೀ ಪಂದ್ಯವನ್ನು ಮತ್ತೆ ನೋಡಬಹುದು. ನಾನು ಆ ಸುತ್ತನ್ನು ಹ್ಯಾಗ್ಲರ್‌ಗೇ ಕೊಟ್ಟಿದ್ದೇನೆ. ಕೂಡಿದರೆ ಮಾತ್ರ ನನ್ನ ಹಾಳೆಯಲ್ಲಿ ಲೆನಾರ್ಡ್ 115, ಹ್ಯಾಗ್ಲರ್ 113. ಮೊದಲೆರಡು ಸುತ್ತನ್ನು ದಾನ ಕೊಟ್ಟವನು ಆಮೇಲೆ ಎಷ್ಟು ದುಡಿದರೂ ಬಡ್ಡಿ ತೀರುವುದಿಲ್ಲ. ಪಂದ್ಯದುದ್ದಕ್ಕೂ ಹೆಚ್ಚು ಬಲಶಾಲಿಯಾಗಿ ಕಂಡವನು ಹ್ಯಾಗ್ಲರ್. ಹೆಚ್ಚು ಸುತ್ತು ಗೆದ್ದವನು ಲೆನಾರ್ಡ್. ಎರಡೂ ನಿಜವಾಗಿರಲು ಅಡ್ಡಿಯೇನು?

ಹದಿನೈದು ಸುತ್ತಿದ್ದಿದ್ದರೆ ಹ್ಯಾಗ್ಲರನೇ ಗೆಲ್ಲುತ್ತಿದ್ದ ಎಂಬ ವಾದ ನಾನು ಕೇಳಿ ಕೇಳಿ ಬೇಸತ್ತಿದ್ದೇನೆ. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್-ಕೂ, ರೇ ಮಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಮೇಲೇ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಹದಿನೈದನ್ನು ಹನ್ನೆರಡಕ್ಕೆ ಇಳಿಸಿದ್ದು, ಉಳಿದವರು ಒಬ್ಬೊಬ್ಬರಾಗಿ ಹಿಂದೆ ಬಂದದ್ದು. ಆ ಮೂರು ಸುತ್ತುಗಳನ್ನು ವಾಪಸ್ ಕೇಳುವಾಗ ಈ ಹುಡುಗನ ನೆನಪಿರಲಿ. ಅದೂ ಅಲ್ಲದೆ, ಹನ್ನೆರಡಕ್ಕೆಂದು ಉಸಿರು ಅಳೆದುಕೊಂಡು ಬಂದವನು ಹದಿನೈದಕ್ಕೆ ಬೇರೆ ಥರ ಅಳೆದುಕೊಂಡು ಬರುತ್ತಿದ್ದ. ಹ್ಯಾಗ್ಲರ್ ಮತ್ತೆಂದೂ ಕಣಕ್ಕಿಳಿಯಲಿಲ್ಲ. ಇಟಲಿಗೆ ಹೋಗಿ ಸಿನಿಮಾದಲ್ಲಿ ಪಾತ್ರ ಮಾಡಿಕೊಂಡಿದ್ದ. 2021ರ ಮಾರ್ಚಿನಲ್ಲಿ ತೀರಿಕೊಂಡ.

ಮೇಷ್ಟ್ರ ಹಾಳೆಯ ವಿಷಯ ಹೇಳಲೇಬೇಕು. ಹೌದು, ಬರಬರುತ್ತ ಅವರೂ ಒಂದು ಹಾಳೆ ಹಿಡಿದರು. ಅವರ ಕಾಯಿಲೆ ಏನೆಂದರೆ, ಸಂಶಯ ಬಂದ ಸುತ್ತನ್ನೆಲ್ಲ ಹತ್ತು-ಹತ್ತು ಎಂದು ಸಮ ಮಾಡಿಬಿಡುವುದು. ಸಮ ಕೊಡಲು ನಿಯಮದಲ್ಲಿ ಅವಕಾಶವಿದೆ, ಆದರೆ ಕೊಡದಿರುವುದೇ ಮರ್ಯಾದೆ. ಯಾರು ಗೆದ್ದರು ಎಂದು ಹೇಳಲೆಂದೇ ತಾನೇ ಅವರನ್ನು ಕೂರಿಸಿರುವುದು! ಅವರಿಗೆ ಬುದ್ಧಿ ಹೇಳಲೆಂದು ನಾನು 1980ರ ಮಾಂಟ್ರಿಯಲ್ ಪಂದ್ಯದ ಕತೆ ತೆಗೆದೆ. ಇದೇ ಲೆನಾರ್ಡ್, ಎದುರಿಗೆ ಪನಾಮಾದ ರಾಬರ್ಟೊ ಡುರಾನ್. ಹದಿನೈದು ಸುತ್ತು, ಮೈಗೆ ಮೈ ಹಚ್ಚಿಕೊಂಡು ಆಡಿದ ಘೋರ ಪಂದ್ಯ. ಆಂಜೆಲೊ ಪೊಲೆಟ್ಟಿ ಎಂಬ ಜಡ್ಜ್ ಹದಿನೈದರಲ್ಲಿ ಹತ್ತು ಸುತ್ತನ್ನು ಸಮ ಎಂದು ಬರೆದ. ಉಳಿದ ಐದರಲ್ಲಿ ಮೂರು ಡುರಾನ್‌ಗೆ, ಎರಡು ಲೆನಾರ್ಡ್‌ಗೆ. ಸಾಲದ್ದಕ್ಕೆ ಕೂಡುವಾಗ ತಪ್ಪಾಗಿ ಮೊದಲು 147-147 ಎಂದು ಸಾರಿದರು. ಆಮೇಲೆ ನೋಡಿದರೆ 148-147.

ಬುದ್ಧಿ ಕಲಿಯುವುದು ಹೋಗಲಿ, ಮೇಷ್ಟ್ರು ಪೊಲೆಟ್ಟಿಯ ಭಕ್ತರಾಗಿಬಿಟ್ಟರು. "ನೋಡಪ್ಪಾ, ಗೊತ್ತಾಗದೇ ಇದ್ದಾಗ ಗೊತ್ತಾಗಲಿಲ್ಲ ಅಂತ ಬರೆದಿದ್ದಾನೆ. ಪ್ರಾಮಾಣಿಕ ಮನುಷ್ಯ. ಕೂಡೋದು ಮಾತ್ರ ಕಲಿಸಬೇಕಿತ್ತು."

ಮನುಷ್ಯರನ್ನು ನಂಬಬಾರದೆಂದು ಯಂತ್ರ ತಂದದ್ದೂ ಆಯಿತು. 1988ರ ಸೋಲ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಗುದ್ದು ತಾಗಿಸಿ 32 ತಿಂದು, ಆತಿಥೇಯ ದೇಶದ ಪಾರ್ಕ್ ಸಿ-ಹುನ್ ಎದುರು 3-2ರಲ್ಲಿ ಸೋತ. ಆ ನಾಚಿಕೆಗೇ 1992ರ ಬಾರ್ಸಿಲೋನಾದಲ್ಲಿ ಗುಂಡಿ ಒತ್ತುವ ಪದ್ಧತಿ ಬಂತು. ಐವರಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಒಂದು ಅಂಕ. ಹತ್ತಿರ ನಿಂತು ಪಕ್ಕೆಲುಬಿಗೆ ಕೊಟ್ಟದ್ದು ಯಾರಿಗೂ ಕಾಣದು, ದೂರದಿಂದ ಮುಟ್ಟಿ ಓಡಿದ್ದಕ್ಕೆ ಅಂಕ. 2012ರ ಲಂಡನ್ನಿನಲ್ಲಿ ನಮ್ಮ ವಿಕಾಸ್ ಕ್ರಿಶನ್ ಕೈ ಎತ್ತಿಸಿಕೊಂಡದ್ದು 13-11ಕ್ಕೆ. ಕೆಲವೇ ಗಂಟೆಗಳಲ್ಲಿ ಅಮೆರಿಕದವರು ದೂರು ಕೊಟ್ಟು, ರೆಫರಿ ಗಮನಿಸದ ಫೌಲುಗಳನ್ನು ಲೆಕ್ಕಕ್ಕೆ ತಂದು, 13-15 ಎಂದು ಸೋಲಿಸಿದರು. ಆ ಕಡೆಯವನು ಎರೋಲ್ ಸ್ಪೆನ್ಸ್, ಮುಂದೆ ವೃತ್ತಿಪರ ವಿಶ್ವ ಚಾಂಪಿಯನ್ ಆದವನು. ಇಷ್ಟೆಲ್ಲ ಆಗಿ ಒಲಿಂಪಿಕ್ಸಿನಲ್ಲೂ ಈಗ ಅದೇ ಹತ್ತು-ಒಂಬತ್ತಕ್ಕೆ ಮರಳಿದ್ದಾರೆ.

ಮರಳಿದ ಮೇಲಿನ ವಿಚಿತ್ರವನ್ನು ಮೇಷ್ಟ್ರು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಬಿಡಿಸಿ ತೋರಿಸಿದರು. 2021ರ ಜುಲೈ, ಟೋಕಿಯೊ, ಮೇರಿ ಕೋಮ್ ಎದುರು ಕೊಲಂಬಿಯಾದ ಇಂಗ್ರಿಟ್ ವ್ಯಾಲೆನ್ಸಿಯಾ. ಮೂರು ಸುತ್ತು, ಐವರು ಜಡ್ಜುಗಳು. ಮೊದಲ ಸುತ್ತು ನಾಲ್ವರು ವ್ಯಾಲೆನ್ಸಿಯಾಗೆ ಕೊಟ್ಟರು. ಎರಡನೆಯದು, ಮೂರನೆಯದು ಎರಡೂ 3-2ರಲ್ಲಿ ಮೇರಿಗೆ. ಮೂರರಲ್ಲಿ ಎರಡು ಸುತ್ತು ಗೆದ್ದವರು ಸೋತರು, 2-3. ತಾನು ಗೆದ್ದೆನೆಂದೇ ಮೇರಿ ನಗುತ್ತ ಕಣದಿಂದಿಳಿದಿದ್ದರು. "ಹದಿನೈದು ಚೀಟಿ" ಎಂದರು ಮೇಷ್ಟ್ರು, "ಈಕೆಗೆ ಒಂದು, ಮೂರು, ಮೂರು, ಒಟ್ಟು ಏಳು. ಆಕೆಗೆ ಎಂಟು. ಕೂಡಿದ್ದೇನೋ ಸರಿಯಾಗಿದೆ." ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿ, "ಸರಿಯಾಗಿದೆ ಅನ್ನೋದೇ ಸಿಟ್ಟು ಬರಿಸುತ್ತೆ" ಎಂದರು.

ಹಾಗಂತ ಜಡ್ಜುಗಳನ್ನು ಬೈದರೆ ಸಾಲದು. ಅವರು ಕಣದ ಮೂರು ಬದಿಯಲ್ಲಿ ಒಬ್ಬೊಬ್ಬರಾಗಿ ಕೆಳಗೆ ಕೂತಿರುತ್ತಾರೆ, ಹಗ್ಗದ ಸಂದಿಯಿಂದ ನೋಡುತ್ತಾರೆ. ಅರ್ಧ ಹೊತ್ತು ಕಣ್ಣಿಗೆ ಬೀಳುವುದು ಯಾರದೋ ಬೆನ್ನು. ನಮಗೋ ಮೇಲಿನ ಕ್ಯಾಮೆರಾ, ನಿಧಾನಗತಿಯ ಮರುಪ್ರಸಾರ, ಹೂಕುಂಡ, ಕಾಫಿ. 1999ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಲೆನಾಕ್ಸ್ ಲೂಯಿಸ್ ಎದುರು ಹೋಲಿಫೀಲ್ಡ್‌ಗೆ 115-113 ಕೊಟ್ಟು ಪಂದ್ಯವನ್ನು ಡ್ರಾ ಮಾಡಲು ನೆರವಾದ ಯುಜೀನಿಯಾ ವಿಲಿಯಮ್ಸ್ ಪರವಾಗಿ ಮಾತ್ರ ಈ ವಾದವೂ ಕೈಹಿಡಿಯುವುದಿಲ್ಲ. ಐದನೇ ಸುತ್ತಿನಲ್ಲಿ ಲೂಯಿಸ್ ಹೋಲಿಫೀಲ್ಡನನ್ನು ಹಗ್ಗಕ್ಕೆ ಒರಗಿಸಿ ಬಾರಿಸಿದ್ದಾನೆ. ಆಕೆ ಆ ಸುತ್ತನ್ನೂ ಹೋಲಿಫೀಲ್ಡ್‌ಗೇ ಬರೆದಿದ್ದಾರೆ. ಪೊಲೆಟ್ಟಿ ಭಕ್ತರಾದ ಮೇಷ್ಟ್ರು ಕೂಡ ಅದನ್ನು ಸಮ ಮಾಡಲಿಲ್ಲ.

ಮೊನ್ನೆ ಇಬ್ಬರೂ ಕೂತು ಅಂಕ ಹಾಕಿದ್ದು 1990ರ ಮಾರ್ಚ್ 17ರ ಪಂದ್ಯಕ್ಕೆ. ಮೆಕ್ಸಿಕೊದ ಹುಲಿಯೊ ಸೆಸಾರ್ ಚಾವೆಸ್, ಅಮೆರಿಕದ ಮೆಲ್ಡ್ರಿಕ್ ಟೇಲರ್. ಇಬ್ಬರೂ ಅದುವರೆಗೆ ಸೋತವರಲ್ಲ. ಟೇಲರನ ಕೈ ಕಣ್ಣಿಗೆ ಕಾಣದಷ್ಟು ವೇಗ. ಸುತ್ತಿನ ಮೇಲೆ ಸುತ್ತು ಗೆಲ್ಲುತ್ತ ಹೋಗುತ್ತಾನೆ. ಆದರೆ ಅವನ ಮುಖ ನೋಡಬೇಕು. ಚಾವೆಸ್ ಕೊಟ್ಟದ್ದು ಕಡಿಮೆ, ಕೊಟ್ಟದ್ದೆಲ್ಲ ಒಳಗೆ ಇಳಿದಿತ್ತು. ಊದಿಕೊಂಡ ಮುಖ, ಬಾಯಲ್ಲಿ ರಕ್ತ. ಹಾಳೆಯ ಮೇಲೆ ಅವನು ಗೆಲ್ಲುತ್ತಿದ್ದಾನೆ, ದೇಹದ ಮೇಲೆ ಸೋಲುತ್ತಿದ್ದಾನೆ. ಎರಡು ಲೆಕ್ಕ ಇಷ್ಟು ದೂರ ದೂರ ಹೋದ ಇನ್ನೊಂದು ಪಂದ್ಯ ನನಗೆ ಗೊತ್ತಿಲ್ಲ. ಕೊನೆಯ ಸುತ್ತಿನ ಕೊನೆಯಲ್ಲಿ ಚಾವೆಸನ ಬಲಗೈ ಬಿತ್ತು. ಟೇಲರ್ ಬಿದ್ದ, ಎದ್ದ. ರೆಫರಿ ರಿಚರ್ಡ್ ಸ್ಟೀಲ್, ಹ್ಯಾಗ್ಲರ್-ಲೆನಾರ್ಡ್ ಪಂದ್ಯ ಆಡಿಸಿದವನೂ ಇವನೇ, ಪರವಾಗಿಲ್ಲವೇ ಎಂದು ಕೇಳಿದ. ಟೇಲರನ ಗಮನ ತನ್ನ ಮೂಲೆಯ ಕಡೆಗಿತ್ತು, ಉತ್ತರ ಬರಲಿಲ್ಲ. ಸ್ಟೀಲ್ ಕೈ ಬೀಸಿ ನಿಲ್ಲಿಸಿಬಿಟ್ಟ. ಇನ್ನುಳಿದಿದ್ದದ್ದು ಎರಡು ಸೆಕೆಂಡು.

ನಾನು ಸ್ಟೀಲ್ ಪರ. ಎರಡು ಸೆಕೆಂಡು ಉಳಿದಿದೆಯೆಂದು ಗಡಿಯಾರ ನೋಡುವುದು ಅವನ ಕೆಲಸವಲ್ಲ, ಎದುರಿಗೆ ನಿಂತವನ ಕಣ್ಣು ನೋಡುವುದು ಅವನ ಕೆಲಸ. ಮೇಷ್ಟ್ರು ಒಪ್ಪಲಿಲ್ಲ. ಪರೀಕ್ಷೆ ಮುಗಿಯಲು ಎರಡು ಸೆಕೆಂಡಿರುವಾಗ ಉತ್ತರಪತ್ರಿಕೆ ಕಿತ್ತುಕೊಂಡ ಮೇಲ್ವಿಚಾರಕನನ್ನು ಅವರು ಜನ್ಮದಲ್ಲಿ ಕ್ಷಮಿಸುವವರಲ್ಲ. ಜೋರು ಮಾತಾಯಿತು. ಕೊನೆಗೆ ಹಾಳೆ ತಾಳೆ ಹಾಕೋಣ ಎಂದುಕೊಂಡೆವು. ಹನ್ನೊಂದು ಸುತ್ತು ಮುಗಿದಾಗ ಒಬ್ಬ ಜಡ್ಜ್ 108-101, ಇನ್ನೊಬ್ಬ 107-102, ಇಬ್ಬರೂ ಟೇಲರ್ ಪರ. ನನ್ನದು ಎರಡನೆಯವನ ಹಾಗೆ. ಮೂರನೆಯವನು 105-104, ಚಾವೆಸ್ ಮುಂದೆ!

"ಆರು ಸುತ್ತು ಚಾವೆಸ್‌ಗಾ?" ಮೇಷ್ಟ್ರು ಕನ್ನಡಕ ಏರಿಸಿದರು. "ನೀನೇ ಮೂರು ಕೊಟ್ಟಿದ್ದೀಯ, ಅದೇ ಜಾಸ್ತಿ ಅಂತಿದ್ದೆ ನಾನು. ಯಾವ ಮೂರು, ಹೇಳು ನೋಡೋಣ."

"ಎಂಟು, ಹತ್ತು, ಹನ್ನೊಂದು."

"ಎಂಟು ಸಮ."

"ಮೇಷ್ಟ್ರೇ, ಎಂಟು ಹೇಗ್ರೀ ಸಮ ಆಗುತ್ತೆ?"

"ಹಾಕು, ಇನ್ನೊಂದ್ಸಲ ಹಾಕು ಆ ಎಂಟನೇದು. ಲೇ, ಕಾಫಿ ಎರಡು ಲೋಟ ಇತ್ತ ಕಡೆ ಕೊಡೇ!"